ದುಡಿಯದೆ ಏರಿದ ಬೆಲೆ

೭ ನವೆಂಬರ್ ೧೯೮೬, ಶುಕ್ರವಾರ

ದೀಪಾವಳಿ ರಜೆ ಮುಗಿದು ಶಾಲೆ ಶುರುವಾಗಿ ಮೂರು ದಿನ. ಹತ್ತನೆಯ ತರಗತಿಯವರು ಪ್ಯಾಸಿವ್ ವಾಯ್ಸ್ ಪೂರ್ತಿ ಮರೆತು ಬಂದಿದ್ದಾರೆ. ಇಪ್ಪತ್ತಾರು ವರ್ಷದಿಂದ ಕರಜಗಿಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ, ಕಲಿತದ್ದನ್ನು ರಜೆ ದಾಟಿಸಿಕೊಂಡು ಬಂದ ಒಬ್ಬನನ್ನೂ ಕಂಡಿಲ್ಲ.

ಸಂಜೆ ಅಮೋಘಸಿದ್ದ ಹತ್ತು ಹನ್ನೊಂದು ಜನರನ್ನು ಕರೆದುಕೊಂಡು ಮನೆಯ ಕಟ್ಟೆಗೆ ಬಂದ. ನಮ್ಮ ಹೊಲಕ್ಕೆ ಹತ್ತಿದ ಹೊಲ ಅವನದು. ಎಲ್ಲರ ಕೈಯಲ್ಲೂ ಒಂದೊಂದು ನೋಟೀಸು. ಹೊಸ ಕಾಲುವೆಯ ನೀರು ಯಾರ ಹೊಲಕ್ಕೆ ಹರಿಯಲಿದೆಯೋ ಅವರಿಗೆಲ್ಲ ಬಂದಿದೆ, ನನಗೂ ಬಂದಿದೆ. ಎರಡು ಹಾಳೆ, ಪೂರ್ತಿ ಇಂಗ್ಲಿಷ್. ತಲೆಯ ಮೇಲೆ ದಪ್ಪಕ್ಷರದಲ್ಲಿ ಬೆಟರ್‌ಮೆಂಟ್ ಕಾಂಟ್ರಿಬ್ಯೂಷನ್ ಎಂದಿದೆ. ಬೆಟರ್‌ಮೆಂಟ್ ಅಂದರೆ ಸುಧಾರಣೆ, ಕಾಂಟ್ರಿಬ್ಯೂಷನ್ ಅಂದರೆ ವಂತಿಗೆ ಎಂದು ಬಿಡಿಸಿ ಹೇಳಿದೆ. ಮಠದ ದಾಸೋಹಕ್ಕೆ ಅವರವರ ಶಕ್ತಿಯಿದ್ದಷ್ಟು ಕೊಡುವುದಿಲ್ಲವೇ, ಇದೂ ಹಾಗೆಯೇ, ಊರಿಗೆ ನೀರು ಬಂದಿದೆ, ಸಂತೋಷದಿಂದ ಕೈಲಾದಷ್ಟು ಕೊಟ್ಟರಾಯಿತು ಎಂದೆ. ಒಳಗಿನ ಸಣ್ಣ ಅಕ್ಷರ ಓದಲಿಲ್ಲ, ಕನ್ನಡಕ ಒಳಗಿತ್ತು. ಎಲ್ಲರೂ ಹಗುರಾಗಿ ಎದ್ದು ಹೋದರು.

ಆಮೇಲೆ ಅಫಜಲಪುರದ ಅಡತಿ ವ್ಯಾಪಾರಿ ಅಂಬಾರಾಯ ಬಂದು ಹೋದ. ನಮ್ಮ ಆರು ಎಕರೆಯನ್ನು ಅವನು ಕೊಳ್ಳುವುದೆಂದು ಮಾತಾಗಿದೆ, ಸಂಚಕಾರದ ಮುಂಗಡವೂ ಕೈಸೇರಿದೆ. ಯುಗಾದಿಯ ನಂತರ ಖರೀದಿ ಪತ್ರ. ಜೂನ್‌ನಲ್ಲಿ ನಾನು ನಿವೃತ್ತನಾಗುತ್ತೇನೆ. ಗುಲಬರ್ಗಾದಲ್ಲಿ ಮಗಳು ಶಾರದಾಳ ಮನೆಯ ಹಿಂದೆಯೇ ಒಂದು ಪ್ಲಾಟು ನೋಡಿಟ್ಟಿದ್ದೇನೆ. ಅಣ್ಣನ ಹೆಂಡತಿ, ನಮ್ಮ ವೈನಿ, ಜೇವರ್ಗಿ ಕಡೆ ತಮ್ಮ ತಮ್ಮನ ಮನೆಗೆ ಹೋಗುತ್ತಾರೆ. ಅವರಿಗೆ ಇನ್ನೂ ಹೇಳಿಲ್ಲ. ಹೇಳಿದರಾಯಿತು, ಹೊಲ ನನ್ನ ಹೆಸರಲ್ಲೇ ಇದೆ. ಅಣ್ಣ ಮಲ್ಲಣ್ಣ ತೀರಿಕೊಂಡ ವರ್ಷವೇ ವೈನಿಯ ಹೆಬ್ಬೆಟ್ಟು ಒತ್ತಿಸಿ ಪಹಣಿಯನ್ನು ನನ್ನೊಬ್ಬನ ಹೆಸರಿಗೆ ಮಾಡಿಸಿದ್ದೆ. ಹೆಂಗಸರಿಗೆ ಕಚೇರಿ ಅಲೆದಾಟ ಬೇಡ ಎಂಬ ಕಾರಣಕ್ಕೆ.

೧೨ ನವೆಂಬರ್, ಬುಧವಾರ

ಅಮೋಘಸಿದ್ದನ ಗುಂಪು ನಾಳೆ ಅಫಜಲಪುರಕ್ಕೆ, ಕಾಲುವೆಯ ಆಫೀಸಿಗೆ ಹೋಗುತ್ತದಂತೆ. ನನ್ನನ್ನೂ ಕರೆದರು. ಕಿರುಪರೀಕ್ಷೆಯ ಪೇಪರು ತಿದ್ದುವುದಿತ್ತು.

ಮಧ್ಯಾಹ್ನದ ರೊಟ್ಟಿ ತಣ್ಣಗಿತ್ತು. ವೈನಿ ಹೊಲದಲ್ಲಿ.

೧೪ ನವೆಂಬರ್, ಶುಕ್ರವಾರ

ಬರೆಯುವ ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ನಿನ್ನೆ ಅವರು ಹಿತ್ತಾಳೆಯ ತಟ್ಟೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ ಇಟ್ಟುಕೊಂಡು, ತಲೆಗೆ ಹನ್ನೊಂದು ರೂಪಾಯಿಯಂತೆ ಕೂಡಿಸಿ, ಒಗೆದ ಧೋತರ ಉಟ್ಟು ಆಫೀಸಿಗೆ ಹೋಗಿದ್ದಾರೆ. ವಂತಿಗೆ ಕೊಡುವ ಪದ್ಧತಿಯೇ ಹಾಗೆ. ತಟ್ಟೆಯನ್ನು ಗುಮಾಸ್ತನ ಮೇಜಿನ ಮೇಲಿಟ್ಟು, ಪ್ರತಿಯೊಬ್ಬರ ಹೆಸರಿನಲ್ಲಿ ಪಾವತಿ ಹರಿದುಕೊಡಿ ಎಂದು ಕೇಳಿದ್ದಾರೆ. ಇಡೀ ಆಫೀಸು ಎದ್ದು ಬಂದು ನೋಡಿತಂತೆ. ನಕ್ಕು ಮುಗಿದ ಮೇಲೆ ಗುಮಾಸ್ತ ನೋಟೀಸಿನ ಎರಡನೆಯ ಹಾಳೆ ತಿರುವಿ ಎಕರೆಗೆ ಸಾವಿರದ ಮೇಲೆ ಕಟ್ಟಬೇಕೆಂದು ತೋರಿಸಿದ. ಕಟ್ಟದಿದ್ದರೆ ಭೂಕಂದಾಯದ ಬಾಕಿಯಂತೆ ಹೊಲ ಹರಾಜು. ತಕರಾರಿದ್ದರೆ ಜನವರಿ ಹತ್ತರೊಳಗೆ ಬರೆದು ಕೊಡಬೇಕು.

ಅಮೋಘಸಿದ್ದ ಇಂದು ಶಾಲೆಯ ಹತ್ತಿರವೇ ಬಂದ. ನಾಲ್ಕು ಬೈದಿದ್ದರೆ ವಾಸಿ ಇತ್ತು.

"ನಿಮ್ ಮ್ಯಾಲ ಸಿಟ್ಟಿಲ್ರಿ ಮಾಸ್ತರ್ರ," ಎಂದ. "ನಾ ಪೂರಾ ಓದಿಲ್ಲ ಅಂತ ಒಂದ್ ಮಾತ್ ಹೇಳಿದ್ರ ಬ್ಯಾರೆಯವರ ಕಡಿ ಹೋಗ್ತಿದ್ವಿ."

ನನಗೆ ಮುಖ ಎತ್ತಲಾಗಲಿಲ್ಲ. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಎರಡೂ ಹಾಳೆ ಓದಿದೆ. ಕಟ್ಟಬೇಕಾದದ್ದು ಅನರ್ನ್ಡ್ ಇನ್‌ಕ್ರಿಮೆಂಟಿನ ಅರ್ಧ ಎಂದಿದೆ. ಇನ್‌ಕ್ರಿಮೆಂಟ್ ಅಂದರೆ ನನಗೆ ಗೊತ್ತಿರುವುದು ವರ್ಷಕ್ಕೊಮ್ಮೆ ಪಗಾರಿನಲ್ಲಿ ಏರುವುದು. ಅದರ ಮುಂದೆ ಆ ಇನ್ನೊಂದು ಶಬ್ದ ಕೂತು ಇಡೀ ವಾಕ್ಯವನ್ನು ಗಂಟು ಹಾಕಿದೆ. ಶಾಲೆಯ ಡಿಕ್ಷನರಿಯಲ್ಲಿ ಎರಡೂ ಶಬ್ದ ಬಿಡಿಬಿಡಿಯಾಗಿ ಇವೆ, ಜೋಡಿಯಾಗಿ ಇಲ್ಲ.

೧೫ ನವೆಂಬರ್, ಶನಿವಾರ

ಅಂಗಡಿಯ ಮುಂದೆ ಹಾದು ಬರುವಾಗ ಒಬ್ಬ ಕಾಯಿಯ ತಟ್ಟೆ ಹಿಡಿದವನಂತೆ ಕೈ ಮಾಡಿ ತೋರಿಸಿದ. ಉಳಿದವರು ನಕ್ಕರು. ಇನ್ನು ಹಿಂದಿನ ಓಣಿಯಿಂದ ಬರುವುದು ಒಳ್ಳೆಯದು.

೨೩ ನವೆಂಬರ್, ರವಿವಾರ

ಉರ್ದು ಶಾಲೆಯ ಹೆಡ್‌ಮಿಸ್ಟ್ರೆಸ್ ಗೌಸಿಯಾಬೇಗಂ ಅವರ ಮನೆಗೆ ಹೋಗಿದ್ದೆ. ಅವರ ತಂದೆ ನಿಜಾಮರ ಕಾಲದಲ್ಲಿ ಆಳಂದದ ಅದಾಲತ್ತಿನಲ್ಲಿ ವಕೀಲರಾಗಿದ್ದವರು. ಅವರು ಬಿಟ್ಟುಹೋದ ಇಂಗ್ಲಿಷ್–ಉರ್ದು ಕಾನೂನು ನಿಘಂಟು ಇನ್ನೂ ಕಪಾಟಿನಲ್ಲಿದೆ. ಒಬ್ಬ ಇಂಗ್ಲಿಷ್ ಮಾಸ್ತರ ಉರ್ದು ಶಾಲೆಗೆ ಇಂಗ್ಲಿಷಿನ ಅರ್ಥ ಕೇಳಲು ಹೋಗುವುದು ಮರ್ಯಾದೆಯ ಕೆಲಸವಲ್ಲ. ಆದರೆ ನನ್ನ ಮರ್ಯಾದೆಯ ಬಹುಪಾಲು ಆ ಹಿತ್ತಾಳೆ ತಟ್ಟೆಯಲ್ಲಿ ಆಗಲೇ ಹೋಗಿದೆ.

ಬೇಗಂ ಅವರು ಚಹಾ ಕೊಟ್ಟು, ಪುಟ ಹುಡುಕಿ, ಮೊದಲು ಉರ್ದುವಿನಲ್ಲಿ ತಮ್ಮಷ್ಟಕ್ಕೆ ಓದಿಕೊಂಡರು.

"ಮಾಲಕ ಮೆಹನತ್ ಮಾಡ್ಲಾರದೇ ಜಮೀನಿನ ಕಿಮ್ಮತ್ ಏರ್ತದಲ್ರಿ, ಆ ಏರಿದ್ದು," ಎಂದರು. "ಯಾರ ಕೆಲಸದಿಂದ ಏರ್ಯಾದೋ ಅವರು ಅದ್ರಾಗ ಪಾಲು ಕೇಳ್ತಾರ. ಇನ್ಸಾಫಿನ ಮಾತೇ ಅದ."

ಸರಕಾರ ಕಾಲುವೆ ತೋಡಿತು. ಅದರಿಂದ ನಮ್ಮ ಹೊಲಕ್ಕೆ ಬೆಲೆ ಬಂತು. ನಾವು ಬೆವರು ಸುರಿಸದೆ ಬಂದ ಆ ಬೆಲೆಯಲ್ಲಿ ಅರ್ಧ ಸರಕಾರಕ್ಕೆ ಸೇರಬೇಕು. ಇಷ್ಟೇ ವಿಷಯ. ವಾಕ್ಯ ಕೊನೆಗೂ ಬಿಚ್ಚಿಕೊಂಡಿತು. ಪುಟದ ಅಂಚಿನಲ್ಲಿ ವಕೀಲರು ಪೆನ್ಸಿಲಿನಲ್ಲಿ ಬರೆದ ಒಂದು ಸಾಲೂ ಇತ್ತು. ಮಾಲಕ ತಾನೇ ದುಡಿದು ಸುಧಾರಿಸಿದ ಭಾಗವನ್ನು ಈ ಲೆಕ್ಕದಿಂದ ತೆಗೆಯಬೇಕು, ಆದರೆ ದುಡಿದದ್ದು ಯಾರು ಎಂದು ಸಾಬೀತಾಗಬೇಕು. ಅದನ್ನು ಚೀಟಿಯಲ್ಲಿ ಬರೆದುಕೊಂಡು ಬಂದೆ. ಮನಸ್ಸಿಗೆ ಖುಷಿಯಾಯಿತು, ಸುಳ್ಳು ಹೇಳುವುದೇಕೆ.

೪ ಡಿಸೆಂಬರ್, ಗುರುವಾರ

ಅಂಬಾರಾಯ ತಕರಾರಿನ ಛಾಪಾ ಫಾರಂ ತಂದುಕೊಟ್ಟ. ಈ ನೋಟೀಸಿನ ಹಣವನ್ನು ಅವನು ಹೊಲದ ಬೆಲೆಯಲ್ಲೇ ಮುರಿದುಕೊಳ್ಳುವವನು, ಹಾಗಾಗಿ ಅದು ಎಷ್ಟು ಇಳಿಯುತ್ತದೋ ಅಷ್ಟು ನನಗೆ ಉಳಿಯುತ್ತದೆ. ಸರಕಾರ ನಮ್ಮ ಹೊಲದ ಮೊದಲಿನ ಸ್ಥಿತಿಯನ್ನು ಹಳೆಯ ದಫ್ತರದಿಂದ ಎತ್ತಿ ಬರೆದಿದೆ: ಕಲ್ಲುಭೂಮಿ, ಇಳಿಜಾರು, ಬೆಳೆ ಅಲ್ಪ. ಈಗಿನ ಸ್ಥಿತಿ: ಸಮತಟ್ಟು, ನಾಲ್ಕು ಒಡ್ಡು, ಉತ್ತಮ. ಎರಡರ ನಡುವಿನ ಅಂತರವೆಲ್ಲ ಕಾಲುವೆಯ ಪುಣ್ಯ ಎಂದು ಲೆಕ್ಕ ಹಿಡಿದಿದ್ದಾರೆ. ಒಡ್ಡುಗಳು ಕಾಲುವೆಗಿಂತ ಹಳೆಯವು ಎಂದು ತೋರಿಸಿದರೆ ಹೆಚ್ಚುಕಡಿಮೆ ಅರ್ಧ ಇಳಿಯುತ್ತದೆ.

ಆರು ಅಂಕಣ ಒಂದೇ ಉಸಿರಿನಲ್ಲಿ ತುಂಬಿದೆ. ಏಳನೆಯದು: ಸುಧಾರಣೆ ಮಾಡಿದವರು ಯಾರು. ಪೆನ್ನು ಅಲ್ಲಿ ನಿಂತಿತು. ಅಂಬಾರಾಯ ಬಗ್ಗಿ ನೋಡಿದ.

"ಸ್ವತಃ ಅಂತ ಬರೀರಿ. ಹೊಲ ನಿಮ್ದು, ಒಡ್ಡ ನಿಮ್ದು. ಬ್ಯಾರೆಯವರ ಹೆಸರು ಬಂದ್ರ ಅವರೂ ಹಕ್ಕುದಾರರ ಅಂತ ಗಂಟ ಬೀಳ್ತಾರ, ನಮ್ ಖರೀದಿ ನಿಂತ ಹೋಗ್ತದ."

ಮಾತು ಸರಿಯಾಗಿಯೇ ಇದೆ. ಪೆನ್ನಿನ ಮಸಿ ಮುಗಿದಿದೆ, ನಾಳೆ ತುಂಬುತ್ತೇನೆ ಎಂದೆ. ಮಸಿ ಮುಗಿದಿರಲಿಲ್ಲ. ಹಾಗೇಕೆ ಹೇಳಿದೆನೋ ತಿಳಿಯದು.

೧೯ ಡಿಸೆಂಬರ್, ಶುಕ್ರವಾರ

ಫಾರಂ ಮೇಜಿನ ಖಾನೆಯಲ್ಲಿದೆ. ಶಾರದಾಳ ಪತ್ರ ಬಂತು, ಪ್ಲಾಟಿನವರು ಅವಸರ ಮಾಡುತ್ತಿದ್ದಾರಂತೆ. ನನಗೆ ನೆಗಡಿ. ವೈನಿ ಕಷಾಯ ಮಾಡಿ ಇಟ್ಟು ಹೊಲಕ್ಕೆ ಹೋಗಿದ್ದರು. ಆರಿತ್ತು.

೩೧ ಡಿಸೆಂಬರ್, ಬುಧವಾರ

ಎಳ್ಳಮವಾಸ್ಯೆ. ಹೋದ ವರ್ಷ, ಅದರ ಹಿಂದಿನ ವರ್ಷ ಏನೋ ಕೆಲಸ ಹೇಳಿ ತಪ್ಪಿಸಿಕೊಂಡಿದ್ದೆ. ಈ ಸಲ ಹೊಲಕ್ಕೆ ಹೋದೆ. ಒಡ್ಡುಗಳ ಉದ್ದ ಅಳೆದುಕೊಂಡರೆ ಫಾರಂಗೆ ಬೇಕಾಗುತ್ತದೆ ಎಂಬುದೂ ಒಂದು ಕಾರಣ. ವೈನಿ ಬುಟ್ಟಿ ಹೊತ್ತು ಮುಂದೆ, ನಾನು ಅಳತೆಯ ಟೇಪು ಹಿಡಿದು ಹಿಂದೆ.

ಬಿಳಿಜೋಳ ಎದೆಯುದ್ದ ಬಂದಿದೆ. ಅಣ್ಣ ಇದ್ದಾಗ ಈ ಹೊಲದಲ್ಲಿ ನೇಗಿಲು ಹತ್ತು ಹೆಜ್ಜೆಗೊಮ್ಮೆ ಕಲ್ಲಿಗೆ ತಾಗಿ ಎಗರುತ್ತಿತ್ತು. ಅವನು ಹೋದ ಮೇಲೆ ವೈನಿ ಪ್ರತಿ ಬೇಸಿಗೆ ಕಲ್ಲು ಆರಿಸಿ, ಬುಟ್ಟಿಯಲ್ಲಿ ಹೊತ್ತು, ಇಳಿಜಾರಿಗೆ ಅಡ್ಡಲಾಗಿ ಪೇರಿಸುತ್ತ ಬಂದರು. ಹೊಲದಲ್ಲಿ ಏನೋ ಮಾಡಿಕೊಂಡಿರುತ್ತಾರೆ ಎಂಬುದಷ್ಟೇ ನನಗೆ ಗೊತ್ತಿತ್ತು. ಇಂದು ಟೇಪು ಹಿಡಿದೆ. ನಾಲ್ಕು ಒಡ್ಡು ಸೇರಿ ಒಂಬೈನೂರ ಹದಿನೆಂಟು ಅಡಿ, ಎತ್ತರ ನನ್ನ ಸೊಂಟದವರೆಗೆ. ಎರಡು ಸಲ ಅಳೆದೆ, ಮೊದಲಿನದನ್ನು ನಂಬಲಾಗಲಿಲ್ಲ.

ಐದು ಕಲ್ಲಿಗೆ ಪೂಜೆ ಮಾಡಿ, ಹೊಲದ ಸುತ್ತ ಚರಗದ ಎಡೆ ಚೆಲ್ಲಿ, ಬೇವಿನ ಕೆಳಗೆ ಊಟಕ್ಕೆ ಕೂತೆವು. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ. ಬಡಿಸಲು ಬಗ್ಗಿದಾಗ ವೈನಿಯ ಸೆರಗು ಜಾರಿತು. ನಡುನೆತ್ತಿಯಲ್ಲಿ, ಬುಟ್ಟಿ ಹೊರಲು ಸಿಂಬಿ ಇಡುವ ಜಾಗದಲ್ಲಿ, ಅಂಗೈಯಗಲ ಕೂದಲೇ ಇಲ್ಲ. ಒಂದೇ ಮನೆಯಲ್ಲಿ ಇದ್ದೇವೆ, ಅದನ್ನು ನಾನು ಎಂದೂ ನೋಡಿರಲಿಲ್ಲ.

ಊಟವಾದ ಮೇಲೆ, ಆ ನೋಟೀಸಿನಾಗ ಏನದ ಎಂದು ಕೇಳಿದರು. ಊರೆಲ್ಲ ನಕ್ಕ ವಿಷಯ, ಅವರು ಇಷ್ಟು ದಿನ ಕೇಳಿರಲಿಲ್ಲ. ಗೌಸಿಯಾಬೇಗಂ ಹೇಳಿದ ಹಾಗೆಯೇ ಹೇಳಿದೆ. ಮಾಲಕ ದುಡಿಯದೆ ಹೊಲದ ಬೆಲೆ ಏರಿದರೆ, ಯಾರು ಏರಿಸಿದರೋ ಅವರಿಗೆ ಅದರಲ್ಲಿ ಅರ್ಧ ಕೊಡಬೇಕು ಎಂದೆ. ವೈನಿ ಅಂಬಲಿಯ ಗಡಿಗೆಗೆ ಬಟ್ಟೆ ಕಟ್ಟುತ್ತಿದ್ದರು. ಕಟ್ಟಿ ಮುಗಿಸಿದರು.

"ಹಂಗಾರ ಮಾಸ್ತರ್ರ, ಈ ಹದಿನೈದು ವರ್ಷ ನೀವು ದುಡೀಲಾರದೇ ಹೊಲ ಏರ್ಯಾದಲ್ಲ. ಅದ್ರಾಗ ನನ್ನ ಅರ್ಧಾ ಎಲ್ಲಿ ಅದ?"

ಸಿಟ್ಟಿರಲಿಲ್ಲ. ಬಾವಿಗೆ ಹಗ್ಗ ಎಲ್ಲಿ ಎಂದು ಕೇಳುವ ಹಾಗೆ ಕೇಳಿದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು.

"ಅಂಬಾರಾಯಗ ಮಾತ ಕೊಟ್ಟೀರಂತ ನನಗ ಶ್ರಾವಣದಾಗೇ ಗೊತ್ತಾಗ್ಯಾದ. ನೀವೇ ಬಾಯಿ ಬಿಟ್ಟ ಹೇಳ್ತೀರಿ ಅಂತ ಕುಂತಿದ್ದೆ."

ನಾನು ಟೇಪು ಸುತ್ತಿದೆ. ಬಹಳ ಹೊತ್ತು ಸುತ್ತಿದೆ ಎಂದು ಕಾಣುತ್ತದೆ. ವೈನಿಗೆ ಇಂಗ್ಲಿಷಿನ ಒಂದಕ್ಷರ ಬರುವುದಿಲ್ಲ. ನನಗೆ ಎರಡು ವಾರ ಹಿಡಿದ ವಾಕ್ಯ ಅವರಿಗೆ ಗಡಿಗೆ ಕಟ್ಟುವಷ್ಟರಲ್ಲಿ ತಿಳಿಯಿತು.

೨ ಜನವರಿ ೧೯೮೭, ಶುಕ್ರವಾರ

ಶಾಲೆ. ವಿಶೇಷವಿಲ್ಲ. ಏಳನೆಯ ಅಂಕಣ ಖಾಲಿ.

೪ ಜನವರಿ, ರವಿವಾರ

ತಕರಾರಿನ ಜೊತೆ ಪುರಾವೆ ಬೇಕು. ಒಡ್ಡಿಗೆ ರಸೀದಿ ಇರುವುದಿಲ್ಲ. ಕೂಲಿಯವರನ್ನು ಹಚ್ಚಿದ್ದರೆ ಸಾಕ್ಷಿ ಸಿಗುತ್ತಿದ್ದರು, ಕೂಲಿಯವರೂ ಇಲ್ಲ. ಮುಂಜಾನೆ ಯೋಚಿಸುತ್ತ ಕೂತಾಗ ಅಟ್ಟದ ಮೇಲಿನ ಟ್ರಂಕು ನೆನಪಾಯಿತು. ೧೯೬೫ರಿಂದ ಒಂದು ವರ್ಷವೂ ಬಿಡದೆ ದಿನಚರಿ ಬರೆದಿದ್ದೇನೆ. ಹೊಲದ ಬಗ್ಗೆ ಏನಾದರೂ ಇದ್ದೀತು ಎಂದು ಇಳಿಸಿ ಧೂಳು ಕೊಡವಿ ಕೂತೆ.

ಇದೆ. ಬೇಕಾದಷ್ಟಿದೆ.

೧೯೭೨, ಏಪ್ರಿಲ್ ೧೮: ವೈನಿ ಇಂದೂ ಕಲ್ಲು ಹೊರಲು ಹೋಗಿದ್ದರು. ರೊಟ್ಟಿ ತಣ್ಣಗೆ.

೧೯೭೪, ಮೇ ೩: ಶಾರದಾಗೆ ಜ್ವರ. ವೈನಿ ಅವಳನ್ನು ಬೆನ್ನಿಗೆ ಕಟ್ಟಿಕೊಂಡೇ ಒಡ್ಡಿಗೆ ಹೋದರಂತೆ. ಜನ ಏನನ್ನುತ್ತಾರೆ ಎಂಬ ಎಚ್ಚರವಿಲ್ಲ. (ಆ ವರ್ಷವೇ ಶಾರದಾಳ ತಾಯಿ ತೀರಿಕೊಂಡದ್ದು. ಜ್ವರ ಬಂದ ಆರು ವರ್ಷದ ಮಗುವನ್ನು ಮನೆಯಲ್ಲಿ ಯಾರ ಕೈಗೆ ಕೊಡಬೇಕಿತ್ತು ಎಂದು ನಾನು ಬರೆದಿಲ್ಲ.)

೧೯೭೭, ಮೇ ೨೨: ಎರಡನೆಯ ಒಡ್ಡು ಮುಗಿಯಿತೆಂದು ವೈನಿ ಹೇಳಿದರು. ಸಾರಿಗೆ ಉಪ್ಪಿಲ್ಲ.

೧೯೮೧, ಏಪ್ರಿಲ್ ೯: ವೈನಿಯ ಕಾಲ ಮೇಲೆ ಕಲ್ಲು ಬಿದ್ದಿದೆ. ನಾಲ್ಕು ದಿನ ನಾನೇ ಚಹಾ ಮಾಡಿಕೊಳ್ಳಬೇಕಾಯಿತು.

ಮಧ್ಯಾಹ್ನದವರೆಗೆ ಓದಿದೆ. ತಾರೀಖು ಸಹಿತ ನೂರಾ ನಲವತ್ತು ಕಡೆ ಅವರ ಕೆಲಸ ದಾಖಲಾಗಿದೆ, ಎಲ್ಲವೂ ನನ್ನ ಊಟದ ತಕರಾರಾಗಿ. ಕಾಲಿಗೆ ಏನಾಯಿತು, ವಾಸಿಯಾಯಿತೇ ಎಂದು ಮುಂದಿನ ಪುಟಗಳಲ್ಲಿ ಹುಡುಕಿದೆ, ಬರೆದಿರಲಿಲ್ಲ. ಸುಭದ್ರಾಬಾಯಿ ಎಂಬ ಅವರ ಹೆಸರು ಎಲ್ಲಿಯೂ ಇಲ್ಲ.

ನಾಚಿಕೆಯಾಯಿತು. ಇದನ್ನು ಬೇರೆ ಯಾವ ಶಬ್ದದಲ್ಲೂ ಹೇಳಲಾರೆ.

೯ ಜನವರಿ, ಶುಕ್ರವಾರ

ಏಳನೆಯ ಅಂಕಣ ತುಂಬಿದೆ: ಸುಭದ್ರಾಬಾಯಿ, ಗಂಡ ದಿವಂಗತ ಮಲ್ಲಣ್ಣ, ಒಬ್ಬರೇ, ೧೯೭೨ರಿಂದ. ಅರ್ಧ ಸಾಲು. ಲಗತ್ತು: ದಿನಚರಿ, ಹದಿನೈದು ಪುಸ್ತಕ.

ಈ ವಾರ ಅಮೋಘಸಿದ್ದ ಮತ್ತು ಹನ್ನೊಂದು ಜನರ ಫಾರಂಗಳನ್ನೂ ನಾನೇ ಬರೆದೆ, ಪ್ರತಿ ಶಬ್ದವನ್ನೂ ಓದಿ, ಅರ್ಥ ಹೇಳಿ. ತಿಳಿಯದ ಎರಡು ಕಡೆ ತಿಳಿಯದು ಎಂದೇ ಹೇಳಿ ಗೌಸಿಯಾಬೇಗಂ ಅವರ ಹತ್ತಿರ ಕಳಿಸಿದೆ. ಏಳನೆಯ ಅಂಕಣಕ್ಕೆ ಬಂದಾಗ ಎಲ್ಲರೂ ನಾನೇ ಎಂದರು. ಒಡ್ಡಿಗೆ ಕಲ್ಲು ಹೊತ್ತವರು ಯಾರು ಎಂದು ಬಿಡಿಸಿ ಕೇಳಿದರೆ ಮನೆಯ ಹೆಂಗಸರೂ ಹೊತ್ತಿದ್ದಾರೆ ಎನ್ನುತ್ತಿದ್ದರು. ಅಮೋಘಸಿದ್ದ ಹೆಂಡತಿ ನಿಂಬೆವ್ವನ ಹೆಸರನ್ನೂ ಹಾಕಿಸಿದ. ಹಾಕಿಸಿ, ಆಕೀಗಿ ಹೇಳಬ್ಯಾಡ್ರಿ ಮಾಸ್ತರ್ರ, ಮತ್ ಹಿಡೀಲಾಕ ಆಗಂಗಿಲ್ಲ ಎಂದ.

ಅಂಬಾರಾಯನಿಗೆ ಇನ್ನೂ ತಿಳಿಸಿಲ್ಲ.

೨೮ ಜನವರಿ, ಬುಧವಾರ

ವಿಚಾರಣೆ ಇತ್ತು. ಕಲ್ಲಿನ ವಿಷಯ ಕೇಳುತ್ತಾರಂತೆ, ನೀವೂ ಬರಬೇಕು ಎಂದು ವೈನಿಗೆ ಹೇಳಿದ್ದೆ. ಮುಂಜಾನೆಯ ಬಸ್ಸಿಗೆ ಹೊರಟೆವು. ಬುತ್ತಿ ಕಟ್ಟಿಕೊಂಡಿದ್ದರು. ದಿನಚರಿಗಳ ಗಂಟು ನನ್ನ ತೊಡೆಯ ಮೇಲಿತ್ತು. ಬಸ್ಸಿನಲ್ಲಿ ಒಂದು ಸಲ, ಅದ್ರಾಗ ಏನ್ ಬರ್ದೀರಿ ಎಂದು ಕೇಳಿದರು. ಹೊಲದ ಸಂಗತಿ ಎಂದೆ.

ಸಾಹೇಬರು ಬೆಂಗಳೂರು ಕಡೆಯವರು, ವಯಸ್ಸು ಕಡಿಮೆ. ದಿನಚರಿಯನ್ನು ಪುರಾವೆಯೆಂದು ತಂದವರು ನೀವೇ ಮೊದಲು ಎಂದು ನಕ್ಕರು. ನಂತರ ಗುರುತಿನ ಚೀಟಿ ಇಟ್ಟಿದ್ದ ಪುಟಗಳನ್ನು ತೆಗೆದು ಗುಮಾಸ್ತನಿಗೆ ಕೇಳಿಸಲೆಂದು ಗಟ್ಟಿಯಾಗಿ ಓದತೊಡಗಿದರು. ಅದನ್ನು ನಾನು ಎಣಿಸಿರಲಿಲ್ಲ. ಮನಸ್ಸಿನಲ್ಲೇ ಓದಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ರೊಟ್ಟಿ ತಣ್ಣಗೆ. ಸಾರಿಗೆ ಉಪ್ಪಿಲ್ಲ. ಜನ ಏನನ್ನುತ್ತಾರೆ ಎಂಬ ಎಚ್ಚರವಿಲ್ಲ. ವೈನಿ ಗೋಡೆಗೆ ಹತ್ತಿ ನಿಂತು ಒಂದೊಂದನ್ನೂ ಕೇಳಿಸಿಕೊಂಡರು. ನಾನು ಮೇಜಿನ ಕಾಲು ನೋಡುತ್ತಿದ್ದೆ. ಹತ್ತು ಹನ್ನೆರಡು ಓದಿ ಸಾಹೇಬರೇ ನಿಲ್ಲಿಸಿದರು, ಅವರ ಮುಖದ ನಗು ಆಗಲೇ ಹೋಗಿತ್ತು. ಇದೆಲ್ಲ ನಿಜವೇನಮ್ಮ ಎಂದು ವೈನಿಯನ್ನು ಕೇಳಿದರು.

"ಕಲ್ಲಿಂದೆಲ್ಲಾ ಖರೇ ಅದರಿ ಸಾಹೇಬ್ರ," ಎಂದರು ವೈನಿ. "ರೊಟ್ಟೀದಷ್ಟ ಸುಳ್ಳ. ನಾ ಬಿಸೀದೇ ಮುಚ್ಚಿಟ್ಟ ಹೋಗ್ತಿದ್ದೆ. ಇವರೇ ಕಟ್ಟೀ ಮ್ಯಾಲ ಮಾತಾಡ್ಕೋತ ಕುಂತು ತಡಾ ಮಾಡಿ ಉಣ್ತಿದ್ರು."

ಗುಮಾಸ್ತ ಕೆಮ್ಮಿದ. ಸಾಹೇಬರು ಫಾರಂ ತಿರುವಿ, ಪಹಣಿಯಲ್ಲಿ ಈಕೆಯ ಹೆಸರಿಲ್ಲ, ಹೊಲದಲ್ಲಿ ಈಕೆಗೆ ಹಕ್ಕು ಇದೆಯೇ ಎಂದು ನನ್ನನ್ನು ಕೇಳಿದರು. ಹದಿನೈದು ವರ್ಷದ ಹಿಂದಿನ ಹೆಬ್ಬೆಟ್ಟಿನ ಕಾಗದ ಚೀಲದಲ್ಲೇ ಇತ್ತು. ತೋರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಅರ್ಧಾ ಅವರದ್ರಿ," ಎಂದೆ. "ಹೆಸರು ತೆಗಿಸಿದವ ನಾನೇ. ನಾನೇ ಹಾಕಿಸ್ತೇನಿ."

ಹಾಗೆ ಹೇಳಬೇಕೆಂದು ಮನೆಯಿಂದ ಲೆಕ್ಕ ಹಾಕಿಕೊಂಡು ಹೋಗಿರಲಿಲ್ಲ. ಕೇಳಿದರು, ಹೇಳಿದೆ. ಬರೆದುಕೊಂಡರು, ಸಹಿ ಮಾಡಿದೆ. ವೈನಿ ಹೆಬ್ಬೆಟ್ಟು ಒತ್ತಿದರು. ಈ ಸಲ ಒತ್ತುವ ಮೊದಲು ಕಾಗದದಲ್ಲಿ ಏನಿದೆ ಎಂದು ಕೇಳಿದರು, ಗುಮಾಸ್ತ ಪೂರ್ತಿ ಓದಿ ಹೇಳುವವರೆಗೆ ಬೆರಳು ಎತ್ತಿ ಹಿಡಿದೇ ಇದ್ದರು.

ಬಸ್‌ಸ್ಟ್ಯಾಂಡಿನಲ್ಲಿ ಬುತ್ತಿ ಬಿಚ್ಚಿದೆವು. ನನಗೆ ಊಟ ಸೇರಲಿಲ್ಲ. ಉಣ್ರಿ, ಇನ್ನೂ ಬಿಸಿ ಅದ ಎಂದರು. ಅಣಕಿಸಿದರೋ ಇಲ್ಲವೋ ಗೊತ್ತಾಗಲಿಲ್ಲ.

೬ ಫೆಬ್ರವರಿ, ಶುಕ್ರವಾರ

ಅಂಬಾರಾಯ ಬಂದು ಅಂಗಳದಲ್ಲೇ ನಿಂತು ಮಾತಾಡಿದ. ವೈನಿಯನ್ನು ಕರೆದು, ಅರ್ಧಕ್ಕೆ ಅರ್ಧ ಬೆಲೆ ಎಣಿಸುತ್ತೇನೆ, ಕೊಡುತ್ತೀರಾ ಎಂದು ಕೇಳಿದ. ಅವರು ಬೇಳೆ ಹಸನು ಮಾಡುವುದನ್ನು ನಿಲ್ಲಿಸದೆ ಇಲ್ಲ ಎಂದರು. ನನ್ನನ್ನು ನೋಡಿದ. ಹರಿದು ಮೂರೆಕರೆ ಕೊಳ್ಳುವವನಲ್ಲ ಅವನು. ಸಂಚಕಾರ ವಾಪಸು ಕೊಟ್ಟೆ. ನಿಮ್ಮಂಥ ಓದಿದವರ ಜೊತೆ ವ್ಯವಹಾರ ಬೇಡವೇ ಬೇಡ ಎಂದು ಹೋದ. ಶಾರದಾಗೆ ಪ್ಲಾಟು ಬಿಡಲು ಬರೆದೆ. ಕಾರಣ ಅರ್ಧ ಪುಟ ಬರೆದು ಹರಿದೆ, ದೊಡ್ಡವ್ವ ಇಲ್ಲೇ ಇರುತ್ತಾಳೆ ಎಂದಷ್ಟೇ ಉಳಿಸಿದೆ.

ಗುಲಬರ್ಗಾದ ಮನೆಯ ಆಸೆ ನನಗೆ ಬಹಳ ಇತ್ತು. ಬೇಜಾರಿದೆ.

೧೯ ಮಾರ್ಚ್, ಗುರುವಾರ

ತಿದ್ದಿದ ನೋಟೀಸು ಬಂತು. ಕಟ್ಟುವ ಹಣ ಅರ್ಧಕ್ಕಿಂತ ಕಡಿಮೆಯಾಗಿದೆ. ಅಮೋಘಸಿದ್ದನದೂ ಇಳಿದಿದೆ, ಎಲ್ಲರದೂ ಅಷ್ಟಿಷ್ಟು ಇಳಿದಿದೆ. ನಮ್ಮದರ ಮೇಲೆ ಎರಡು ಹೆಸರು. ಸುಭದ್ರಾಬಾಯಿ ಅವರಿಗೆ ಅವರ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದೆ. ಇಷ್ಟ ಸಣ್ಣಂದೇನು ಎಂದರು. ಆಮೇಲೆ ಕಾಗದವನ್ನು ಜೋಳದ ಡಬ್ಬಿಯ ಕೆಳಗೆ ಇಟ್ಟರು, ಅವರ ಮುಖ್ಯ ವಸ್ತುಗಳೆಲ್ಲ ಇರುವುದು ಅಲ್ಲೇ. ಹೊಸ ಪಹಣಿಯೂ ಅಲ್ಲೇ ಇದೆ.

ಇಂದು ಅಂಗಡಿಯ ಮುಂದಿನಿಂದಲೇ ಬಂದೆ. ಹಿಂದಿನ ಓಣಿ ಸುತ್ತು.

೧೨ ಏಪ್ರಿಲ್, ರವಿವಾರ

ಸುಭದ್ರಾಬಾಯಿ ಐದನೆಯ ಒಡ್ಡು ಶುರು ಮಾಡಿದ್ದಾರೆ, ಹೊಲದ ಪಡುವಣ ಮೂಲೆಯಲ್ಲಿ. ಇಂದು ಹದಿನಾಲ್ಕು ಅಡಿ ಆಯಿತು. ಎರಡು ಅಡಿ ನನ್ನದು, ಅದರಲ್ಲಿ ಅರ್ಧವನ್ನು ಅವರು ಬಿಚ್ಚಿ ಮತ್ತೆ ಕಟ್ಟಿದರು. ದೊಡ್ಡ ಕಲ್ಲು ಕೆಳಗೆ, ಚಪ್ಪಟೆ ಮುಖ ಒಳಗೆ, ಸಂದಿಗೆ ಹರಳು. ಸಿಂಬಿ ಸುತ್ತುವುದು ನನಗೆ ಬರಲಿಲ್ಲ, ಕಲ್ಲನ್ನು ಎದೆಗೆ ಅವಚಿಕೊಂಡೇ ಒಯ್ದೆ. ಎಣಿಸಿಕೊಂಡೆ: ಅವರು ನಲವತ್ತಾರು ಬುಟ್ಟಿ, ನಾನು ಹನ್ನೊಂದು ಕಲ್ಲು. ಅವರ ಎಡಗಾಲು ಬಿಸಿಲು ಏರಿದ ಮೇಲೆ ನೋಯುತ್ತದೆ, ೧೯೮೧ರ ಪೆಟ್ಟು.

ಊಟಕ್ಕೆ ಮೂರು ಗಂಟೆ. ರೊಟ್ಟಿ ತಣ್ಣಗಿತ್ತು. ಬಿಸಿ ಇದ್ದಾಗಲೇ ಎರಡು ಸಲ ಕರೆದಿದ್ದರಂತೆ, ನಾನು ಕಲ್ಲಿನ ಹತ್ತಿರ 'ಇದೊಂದು ಮುಗಿಸಿ ಬರ್ತೇನಿ' ಅಂದೆನಂತೆ.